ಹಗ್ಗ ಕಟ್ಟಿದ ಬಾನೆಟ್

ಹಂಗಳ
17 ಆಗಸ್ಟ್ 2025, ಭಾನುವಾರ

ಗಾಡಿಯ ಯಜಮಾನರಾದ ಶಾಂತರಾಜು ಅವರಿಗೆ, ಗಾಡಿ ಓಡಿಸುವವಳಾದ ಕುಮಾರಿ ಮಾಡುವ ನಮಸ್ಕಾರಗಳು.

ಮೇಲಿನ ಸಾಲನ್ನು ನೀವು ಎರಡು ಸಲ ಓದಿರುತ್ತೀರಿ. ಇನ್ನೊಂದು ಸಲ ಬೇಡ, ಸರಿಯಾಗಿಯೇ ಓದಿದ್ದೀರಿ. ನೀವು ಹುಣಸೆಮರದ ಕೆಳಗೆ ಬಿಟ್ಟುಹೋದ ಪಿಕಪ್ ಈಗ ಓಡುತ್ತಿದೆ. ಓಡಿಸುತ್ತಿರುವವಳು ನಿಮ್ಮ ಹೆಂಡತಿ. ನನಗೆ ಲೈಸೆನ್ಸ್ ಬಂದಿದೆ, ಗಾಡಿಗೆ ಎಫ್‌ಸಿ ಆಗಿದೆ, ಇನ್ಶೂರೆನ್ಸೂ ಕಟ್ಟಿದ್ದೇನೆ. ಆದ್ದರಿಂದ ಗಾಬರಿ ಬೀಳದೆ ಮುಂದಕ್ಕೆ ಓದಿ.

ಇದನ್ನೆಲ್ಲ ಫೋನಿನಲ್ಲಿ ಹೇಳಬಾರದಿತ್ತೇ ಎನ್ನಬೇಡಿ. ತಿರುಪ್ಪೂರಿನಿಂದ ಫೋನ್ ಮಾಡಿದಾಗಲೆಲ್ಲ ಮಳೆ, ಆಡು, ಅತ್ತೆಯ ಮಂಡಿನೋವು ಎಲ್ಲ ವಿಚಾರಿಸುತ್ತೀರಿ. ಗಾಡಿ ಎಂದ ತಕ್ಷಣ ನಿಮಗೆ ಸಿಗ್ನಲ್ ಹೋಗಿಬಿಡುತ್ತದೆ. ಕಾಗದವಾದರೆ ಕೆಳಗಿಟ್ಟರೂ ಮತ್ತೆ ಕೈಗೆತ್ತಿಕೊಂಡು ಓದುತ್ತೀರಿ. ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ.

ರಜೆಗೆ ಬಂದ ನಿಮ್ಮ ಗೆಳೆಯ ದೊರೆಸ್ವಾಮಿ ನಿಮ್ಮ ಮಾತು ತಂದರು. ಚಾಮರಾಜನಗರದ ಗುಜರಿಯವನಿಗೆ ಗಾಡಿಯನ್ನು ತೂಕದ ಲೆಕ್ಕದಲ್ಲಿ ಕೊಡಲು ಒಪ್ಪಿದ್ದೀರಂತೆ, ಬರುವ ವಾರ ಬಂದು ಎಳೆದುಕೊಂಡು ಹೋಗುತ್ತಾನಂತೆ. ಅದನ್ನು ಕೇಳಿದವಳೇ ದೊರೆಸ್ವಾಮಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಗುಂಡ್ಲುಪೇಟೆಗೆ ಹೋಗಿ ಬಂದೆ. ಹೋಗುವಾಗ ಬಾಗಿಲಿನ ಹಿಡಿಯನ್ನು ಒಂದು ಗಳಿಗೆ ಬಿಡಲಿಲ್ಲ ಮಹಾರಾಯರು. ಬರುವಾಗ ಗೊರಕೆ ಹೊಡೆದರು. ನನ್ನ ಡ್ರೈವಿಂಗಿಗೆ ಇದಕ್ಕಿಂತ ಸರ್ಟಿಫಿಕೇಟ್ ಬೇಕೇ? ನಾಳೆ ಹೊರಡುವ ಅವರ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ.

ಕೇಳಿಕೊಳ್ಳುವುದು ಒಂದೇ. ಗಾಡಿ ಮಾರಬೇಡಿ. ಆರ್‌ಸಿ ನಿಮ್ಮ ಹೆಸರಿನಲ್ಲಿದೆ. ನೀವು ಒಂದು ಮಾತು ಬೇಡ ಎಂದರೆ ಗುಜರಿಯವನು ಈ ಕಡೆ ತಲೆ ಹಾಕುವುದಿಲ್ಲ. ಬೇಡ ಎನ್ನುವುದು ಯಾಕೆ ಎಂದು ತಿಳಿಯಲು ಮುಂದಿನದನ್ನು ಓದಿ.

ಅತ್ತೆ ಪಕ್ಕದಲ್ಲೇ ಕೂತು ಕಡಲೆಕಾಯಿ ಸುಲಿಯುತ್ತಿದ್ದಾರೆ. ಒಂದಿಷ್ಟು ಬರೆದಾದ ಮೇಲೆ ಗಟ್ಟಿಯಾಗಿ ಓದಿ ಹೇಳಬೇಕೆಂದು ಅಪ್ಪಣೆಯಾಗಿದೆ. ಈಗಷ್ಟೇ ಓದಿದೆ. "ಮಂಡಿನೋವು ವಾಸಿ ಆಗ್ಯದೆ ಅಂತ ಬರಿ ಕಣಮ್ಮಿ, ಮಗ ಅಲ್ಲಿ ಕೊರಗ್ಬಾರ್ದು" ಎಂದರು. ಬರೆದಿದ್ದೇನೆ. ವಾಸಿಯಾಗಿಲ್ಲ.

ಎರಡು ವರ್ಷದ ಹಿಂದಿನ ಓಣಂ ಹೊತ್ತು ನೆನಪಿದೆಯಲ್ಲ. ಮರೆಯಲಿಕ್ಕೆ ತಾನೇ ನೀವು ಊರು ಬಿಟ್ಟದ್ದು. ತೆರಕಣಾಂಬಿಯ ಪುಟ್ಟಬಸಪ್ಪನವರ ಚೆಂಡುಹೂವು ತುಂಬಿಕೊಂಡು ಕೇರಳದ ಬತ್ತೇರಿಗೆ ಹೊರಟಿರಿ. ಮೂಲೆಹೊಳೆ ಹತ್ತಿರ ಇಂಜಿನ್ ಕುದಿದು ಕಾಡಿನ ಮಧ್ಯೆ ನಿಂತಿತು. ಅರಣ್ಯದವರು ಬಂದು ಎಳೆಸಿ ಹಾಕುವಷ್ಟರಲ್ಲಿ ಹೂವೆಲ್ಲ ಬೆಂದು ಬಾಡಿ, ಇಳಿಸಿಕೊಳ್ಳುವವರೇ ಇರಲಿಲ್ಲ. ಅದಕ್ಕೆ ಮುಂಚೆಯೂ ಹಾಗೇ, ವಾರಕ್ಕೊಂದು ಸಲ ಕುದಿಯುತ್ತಿತ್ತು. ನೀವು ದಿನವೂ ನೀರು ನೋಡುತ್ತಿದ್ದಿರಿ, ಹೊಸ ಪೈಪ್ ಹಾಕಿಸಿದಿರಿ, ಫ್ಯಾನ್ ಬೆಲ್ಟ್ ಬದಲಿಸಿದಿರಿ, ಏನು ಮಾಡಿದರೂ ಅಷ್ಟೇ. ಆ ಸಲ ಮನೆಗೆ ಬಂದು ಕೀ ತೆಗೆದು ಮೊಳೆಗೆ ತಗಲಿಹಾಕಿ, "ನನ್ ಕೈಗುಣ್ವೇ ಸರಿಯಿಲ್ಲ ಕಣಮ್ಮಿ, ನಾನ್ ಮುಟ್ಟಿದ್ದು ಉದ್ಧಾರ ಆಗಲ್ಲ" ಎಂದಿರಿ. ಯಾರೂ ನಿಮ್ಮನ್ನು ಬೈದಿರಲಿಲ್ಲ. ಪುಟ್ಟಬಸಪ್ಪನವರೂ ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದಿರೋ ಏನೋ. ಆಮೇಲೆ ಬಟ್ಟೆ ಮಿಲ್ಲು, ತಿರುಪ್ಪೂರು. ಹಬ್ಬಕ್ಕೂ ಬರಲಿಲ್ಲ. ಬಂದರೆ ಹುಣಸೆಮರದ ಕೆಳಗೆ ಅದು ಕಾಣುತ್ತದಲ್ಲ.

ನನಗೂ ಅದು ಕಾಣುತ್ತಿತ್ತು. ಬದನಗುಪ್ಪೆಯ ಗಾರ್ಮೆಂಟ್ಸಿನಿಂದ ಸಂಜೆ ಬಂದರೆ ಮೊದಲು ಕಣ್ಣಿಗೆ ಬೀಳುವುದೇ ಅದರ ಮುಖ. ಅತ್ತೆ ಅದಕ್ಕೆ ಟಾರ್ಪಾಲ್ ಹೊದಿಸಿ, ಆಡು ಹತ್ತದಂತೆ ಮುಳ್ಳು ಹಾಕಿ, ಚಕ್ರ ಕೇಳಿಕೊಂಡು ಬಂದವರನ್ನೆಲ್ಲ ಬೈದು ಅಟ್ಟಿ, ಸೋಮವಾರ ಸೋಮವಾರ ಅರಿಶಿನ ಕುಂಕುಮ ಇಟ್ಟು ಕಾದರು. ಅವರು ಕಾಯದೆ ಇದ್ದಿದ್ದರೆ ನಾನು ರಿಪೇರಿ ಮಾಡಿಸಲು ಅಲ್ಲಿ ಗಾಡಿಯೇ ಇರುತ್ತಿರಲಿಲ್ಲ. ಈ ಮಾತನ್ನು ಗಟ್ಟಿಯಾಗಿ ಓದಿದೆ. ಕಡಲೆಕಾಯಿ ಸುಲಿಯುವುದು ನಿಂತಿದೆ, ಮೂಗು ಒರೆಸಿಕೊಳ್ಳುತ್ತಿದ್ದಾರೆ.

ಗುಂಡ್ಲುಪೇಟೆಯಲ್ಲಿ ಮೆಕ್ಯಾನಿಕ್ ರಾಜಣ್ಣ ಇದ್ದಾನಲ್ಲ, ಅವನ ಹತ್ತಿರ ಹೋಗಿ ಮಡಿಲೊಡ್ಡಿದ ಹಾಗೆ ನಿಂತೆ. ಒಟ್ಟಿಗೆ ಮಾಡಿಸುವ ಶಕ್ತಿ ಇಲ್ಲ, ಒಂದು ಸಂಬಳಕ್ಕೆ ಒಂದು ಕೆಲಸ ಎಂದೆ. ಅವನು ತಲೆ ಕೆರೆದುಕೊಂಡು, "ಹಂಗಾರೆ ನಂದೊಂದ್ ಷರತ್ತು ಕಣಕ್ಕ. ನಿಲ್ಲೋದು ಮೊದ್ಲು, ಓಡೋದು ಆಮ್ಯಾಕೆ, ಅಂದ ಕಡೇಗೆ" ಎಂದ. ಆ ಮಾತಿನಂತೆಯೇ ನಡೆಯಿತು. ಮೊದಲ ಸಂಬಳ ಬ್ರೇಕಿಗೆ. ಓಡದ ಗಾಡಿಗೆ ಬ್ರೇಕ್ ಹಾಕಿಸಿದವಳೆಂದು ಊರೆಲ್ಲ ನಕ್ಕಿತು. ನಗಲಿ ಬಿಡಿ, ನಗುವುದಕ್ಕೆ ಡೀಸೆಲ್ ಬೇಕಿಲ್ಲ. ಆಮೇಲೆ ಬ್ಯಾಟರಿ, ಆಮೇಲೆ ಡೀಸೆಲ್ ಟ್ಯಾಂಕ್ ತೊಳೆಸಿದ್ದು. ಹಿಂದಿನ ಟೈರುಗಳಿಗೆ ಹೊಸ ರಬ್ಬರು ಕೂರಿಸಿ ರೀಟ್ರೆಡ್. ಡ್ರೈವರ್ ಕಾಲಿಡುವ ಕಡೆ ತುಕ್ಕು ತಿಂದು ರಸ್ತೆ ಕಾಣುತ್ತಿತ್ತಲ್ಲ, ಅಲ್ಲಿಗೆ ಹಳೆಯ ಎಣ್ಣೆ ಡ್ರಮ್ಮಿನ ತಗಡು ಕತ್ತರಿಸಿ ವೆಲ್ಡ್ ಮಾಡಿದ. ಸೀಟಿಗೆ ಕವರು ನಾನೇ ಹೊಲಿದೆ. ದಿನಾ ಯಾರ್ಯಾರದೋ ಪ್ಯಾಂಟು ಹೊಲಿಯುವವಳಿಗೆ ಸ್ವಂತ ಸೀಟು ಹೊಲಿಯುವುದು ಎಷ್ಟು ಖುಷಿ ಗೊತ್ತೇ!

ಮಧ್ಯೆ ಒಂದು ತಿಂಗಳು ಕೆಲಸವೇ ನಿಂತಿತು. ಕಾರಣ, ನಿಮ್ಮ ತಾಯಿಯ ಕೆಂಪು ಕೋಳಿ. ಕಿಟಕಿಯಿಂದ ಒಳಗೆ ಹಾರಿ ಸೀಟಿನ ಕೆಳಗೆ ಮೊಟ್ಟೆಯಿಟ್ಟು ಕಾವಿಗೆ ಕೂತಿತ್ತು. ರಾಜಣ್ಣ ಬಂದು ಬಾಗಿಲು ತೆಗೆದರೆ ಅತ್ತೆ ಅಡ್ಡ ನಿಂತರು. "ಕಾವ್ಗೆ ಕುಂತಿರೋದ ಎಬ್ಬುಸ್ಬುಟ್ರೆ ಗಾಡಿಗೆ ಒಳ್ಳೇದಾದ್ದಾ? ಮರಿ ಆಗ್ಲಿ, ಆಮ್ಯಾಲ್ ಬಾರಪ್ಪ" ಎಂದು ಕಾಫಿ ಕೊಟ್ಟು ಕಳಿಸಿದರು. ಮರಿಗಳಾದವು. ಅವು ಈಗಲೂ ಹಾರ್ನ್ ಕೇಳಿದರೆ ಓಡಿ ಬರುತ್ತವೆ.

ಇನ್ನು ನೀವು ಓದಲೇಬೇಕಾದ ಸಂಗತಿ. ರೇಡಿಯೇಟರ್ ಬಿಚ್ಚಿಸಿದೆ. ರಾಜಣ್ಣ ಅದರ ಮೇಲಿನ ಮುಚ್ಚಳದ ಬೆಸುಗೆ ಬಿಡಿಸಿ ನೋಡಿದರೆ ಒಳಗಿನ ನಾಳಗಳು ಮುಕ್ಕಾಲು ಪಾಲು ಕಟ್ಟಿಕೊಂಡಿದ್ದವು. ನಮ್ಮ ಬೋರಿನ ನೀರಿನ ಸುಣ್ಣ. ಒಂದೊಂದು ನಾಳಕ್ಕೂ ಕಬ್ಬಿಣದ ಕಡ್ಡಿ ಹಾಕಿ ಅವನು ಕೆರೆದ, ಅಷ್ಟು ಕಸ ಬಂತು. "ಇದ್ರಲ್ಲಿ ನೀರು ಆಡೋದೆಲ್ಲಿ ಬಂತಕ್ಕ? ಶಾಂತರಾಜಣ್ಣ ಅಲ್ಲ, ಯಾರ್ ಓಡ್ಸುದ್ರೂ ಕುದೀತಿತ್ತು. ಅಷ್ಟು ದಿನ ಇಂಜಿನ್ ಹಿಡ್ಕಂಡು ಸೀಜ್ ಆಗ್ದಂಗೆ ಓಡ್ಸವ್ನಲ್ವ, ಅದು ಕೈಗುಣ" ಎಂದ. ಆ ಮಾತು ಕೇಳಿ ನನಗೆ ಅಲ್ಲೇ ಶೆಡ್ಡಿನಲ್ಲಿ ಅಳು ಬಂತು. ನಿಮಗೂ ಬರಲಿ, ಪರವಾಗಿಲ್ಲ. ಆದರೆ ಇನ್ನು ಮೇಲೆ ಕೈಗುಣದ ಮಾತು ಎತ್ತಬೇಡಿ.

ರಾಜಣ್ಣ ಬೇಡವೆಂದರೂ ಎರಡು ವಿಷಯದಲ್ಲಿ ನಾನು ಹಟ ಹಿಡಿದೆ. ಬಾನೆಟ್ಟಿನ ಲಾಕ್ ಹೋಗಿ ನೀವು ಹಗ್ಗದಲ್ಲಿ ಕಟ್ಟುತ್ತಿದ್ದಿರಲ್ಲ, ಅವನು ಗುಜರಿಯಿಂದ ಒಳ್ಳೆಯ ಲಾಕ್ ತಂದಿದ್ದ. ಬೇಡ, ಹಗ್ಗವೇ ಇರಲಿ, ಬಾನೆಟ್ ಹಾರದಂತೆ ಒಳಗೊಂದು ಕೊಕ್ಕೆ ಹಾಕು ಸಾಕು ಎಂದೆ. ಇನ್ನೊಂದು, ವೈಪರಿಗೆ ನೀರು ಚಿಮ್ಮಿಸುವ ಬಾಟಲಿ ಒಡೆದು ಹೋಗಿತ್ತು. ಅದನ್ನು ಮಾತ್ರ ಹೊಸದು ಹಾಕಿಸಿದೆ. "ಹಳೇ ಸೀರೆಗೆ ಜರಿ ಅಂಚು" ಎಂದು ರಾಜಣ್ಣ ನಕ್ಕ. ಕಾರಣ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಡ್ರೈವಿಂಗ್ ಕಲಿಸಿದವರು ಯಾರು ಎಂದು ನೀವು ಕೇಳಬಹುದು. ನೀವೇ. ಗಾಡಿ ಬಂದ ಹೊಸದರಲ್ಲಿ ಬತ್ತಿದ ಕೆರೆಯ ಅಂಗಳದಲ್ಲಿ ತಮಾಷೆಗೆ ಸ್ಟೇರಿಂಗ್ ಕೊಟ್ಟು, "ಕ್ಲಚ್ಚ ಒಂದೇ ಸಲ ಬುಡಬ್ಯಾಡ, ಮಲಗಿರೋ ಮಗೀನ್ ಕೆಳಗಿಂದ ಕೈ ತಗ್ದಂಗೆ ಬುಡು" ಎಂದಿದ್ದಿರಿ. ಆರ್‌ಟಿಒ ಟೆಸ್ಟಿನಲ್ಲಿ ದಿಬ್ಬ ಹತ್ತಿಸುವಾಗ ಅದೇ ಮಾತು ಕಿವಿಯಲ್ಲಿತ್ತು. ಗಾಡಿ ಒಂದಿಂಚೂ ಹಿಂದೆ ಸರಿಯಲಿಲ್ಲ. ಇಷ್ಟು ದಿನ ಹೇಳಿರಲಿಲ್ಲ, ಈಗ ಹೇಳುತ್ತೇನೆ. ನಿಮ್ಮಿಂದ ನನಗೆ ಬಹಳ ಉಪಕಾರವಾಗಿದೆ.

ಈಗ ವಾರದ ರಜೆಯಲ್ಲಿ ತೆರಕಣಾಂಬಿ ಸಂತೆಗೆ ತರಕಾರಿ ಹೊಡೆಯುತ್ತೇನೆ. ಒಂದು ಸಲವೂ ಕುದಿದಿಲ್ಲ. ಸಂತೆಯಲ್ಲಿ ಪುಟ್ಟಬಸಪ್ಪನವರು ಗಾಡಿಯನ್ನು ಸುತ್ತು ಹಾಕಿ ನೋಡಿ, ಈ ಓಣಂಗೆ ಬತ್ತೇರಿಯ ಲೋಡು ನಿಮಗೇ ಎಂದಿದ್ದಾರೆ. ಆ ಹೂವು ಹೋದಮೇಲೂ ಕರೆದು ಕೊಡುತ್ತಿದ್ದಾರಲ್ಲ, ಅವರ ಹೊಟ್ಟೆ ತಣ್ಣಗಿರಲಿ. ನಾನು ಹೂಂ ಎಂದೆ. ಆದರೆ ಓಡಿಸುವುದು ನಾನಲ್ಲ ಎಂದೂ ಹೇಳಿದೆ. ಸಂತೆಯ ದಾರಿಗೆ ನಾನು ಸಾಕು. ಆ ಕಾಡಿನ ದಾರಿಯನ್ನು ನೀವೇ ದಾಟಬೇಕು. ಎಲ್ಲಿ ನಿಂತಿತ್ತೋ ಆ ಜಾಗ ದಾಟಿ ಹೋಗಬೇಕು. ನಾನು ಪಕ್ಕದಲ್ಲಿ ಕೂತಿರುತ್ತೇನೆ.

ಗುಜರಿಯವನಿಗೆ ಫೋನ್ ಮಾಡಿ ಬೇಡ ಎನ್ನಿ. ಓಣಂ ಹೂವಿನ ಹಬ್ಬ ಶುರುವಾಗುವ ಅತ್ತಂ ದಿನಕ್ಕೆ ಮುಂಚೆ ಬನ್ನಿ. ಕೀ ನೀವು ತಗಲಿಹಾಕಿದ ಮೊಳೆಯಲ್ಲೇ ಇದೆ. ಓಡಿಸಿ ಬಂದಮೇಲೆ ಪ್ರತಿ ಸಲವೂ ಅಲ್ಲೇ ತಗಲಿಹಾಕುತ್ತೇನೆ.

ಗಾಡಿಯಲ್ಲಿ ನಿಮ್ಮ ಜಾಗ ಕಾಯ್ದಿಟ್ಟಿರುವ,
ಕುಮಾರಿ

ತಾ.ಕ. ಅತ್ತೆ ಇಷ್ಟೂ ಕೇಳಿ, "ಚೆಂದಾಗದೆ, ಮಡ್ಚು" ಎಂದು ಹೇಳಿ ಆಡು ಹೊಡೆದುಕೊಂಡು ಬರಲು ಹೋದರು. ಅವರು ಬರುವುದರೊಳಗೆ ನಿಜ ಬರೆದುಬಿಡುತ್ತೇನೆ. ಇದನ್ನು ನೀವೊಬ್ಬರೇ ಓದಿ.

ರೇಡಿಯೇಟರಿನಲ್ಲಿ ಕಟ್ಟಿಕೊಂಡಿದ್ದು ಸುಣ್ಣವಲ್ಲ, ಅರಿಶಿನ. ರಾಜಣ್ಣ ಕೆರೆದಾಗ ಹಳದಿ ಗೊಜ್ಜು ಬಂತು, ಶೆಡ್ಡೆಲ್ಲ ಮದುವೆ ಮನೆಯ ವಾಸನೆ. ಒಂದು ಸಲ ಬತ್ತೇರಿ ದಾರಿಯ ಮದ್ದೂರು ಚೆಕ್‌ಪೋಸ್ಟಿನಲ್ಲಿ ರೇಡಿಯೇಟರ್ ಸೋರಿ, ಮಲಯಾಳಿ ಲಾರಿ ಡ್ರೈವರ್ ಒಬ್ಬ ಚಿಟಿಕೆ ಅರಿಶಿನ ಹಾಕಿಸಿ ಸೋರುವುದು ನಿಲ್ಲಿಸಿದ್ದನಲ್ಲ. ನೀವು ಮನೆಗೆ ಬಂದು ಊಟಕ್ಕೆ ಕೂತು, "ಅರಿಸ್ನ ಹಾಕುದ್ರೆ ಗಾಡಿ ಕಾಡಲ್ಲಿ ನಿಲ್ಲಲ್ಲ ಕಣವ್ವ" ಎಂದಿದ್ದಿರಿ. ಚಿಟಿಕೆ ಎಂದಾಗಲೀ ಒಂದೇ ಸಲ ಎಂದಾಗಲೀ ಹೇಳಲಿಲ್ಲ. ನೀವು ಅದನ್ನು ಮರೆತಿರಿ. ಅತ್ತೆ ಮರೆಯಲಿಲ್ಲ.

ರೇಡಿಯೇಟರ್ ಸರಿಯಾಗಿ ಗಾಡಿ ಮನೆಗೆ ಬಂದ ಮಾರನೇ ಬೆಳಿಗ್ಗೆ ನಾನು ಕಸ ಗುಡಿಸಲು ಎದ್ದರೆ, ಅತ್ತೆ ಬಾನೆಟ್ಟಿನ ಹಗ್ಗ ಬಿಚ್ಚಿ, ಲೋಟದ ತುಂಬ ಅರಿಶಿನದ ನೀರು ಕದಡಿಕೊಂಡು ನಿಂತಿದ್ದರು. "ಆನೆ ಬರೋ ದಾರಿ ಕಣಪ್ಪ ಮಾದಪ್ಪ, ನನ್ ಮಕ್ಕಳ ನಡ್ದಾರೀಲಿ ನಿಲ್ಲುಸ್ಬ್ಯಾಡ" ಎನ್ನುತ್ತಿದ್ದರು. ನೀವು ಓಡಿಸುತ್ತಿದ್ದಾಗ ದಿನವೂ ನೀವು ಏಳುವ ಮುಂಚೆ ಹಾಗೆ ಹೊಯ್ಯುತ್ತಿದ್ದರಂತೆ. ಹಳದಿ ನೀರು ನೋಡಿ ನೀವು ತುಕ್ಕು ಎಂದುಕೊಂಡಿರಿ. ಹಿತ್ತಲಿನಲ್ಲಿ ಬೆಳೆದು, ಬೇಯಿಸಿ, ಒಣಗಿಸಿ, ಕುಟ್ಟಿದ ಅರಿಶಿನ. ಅದೇ ನಿಮ್ಮನ್ನು ಊರು ಬಿಡಿಸಿತು ಎಂದು ಅವರಿಗೆ ನಾನು ಯಾವ ಬಾಯಲ್ಲಿ ಹೇಳಲಿ? ನೀವೂ ಹೇಳುವುದಿಲ್ಲ ಎಂದು ನನಗೆ ಮಾತು ಕೊಡಿ.

ಆವತ್ತು ನಾನು ಓಡಿಹೋಗಿ ಲೋಟ ಹಿಡಿದು, ರಿಪೇರಿಯಾದ ರೇಡಿಯೇಟರ್ ಬಿಸಿಯಿರುತ್ತದೆ, ಕೈ ಸುಡುತ್ತದೆ, ಅರಿಶಿನ ಹೊಯ್ಯಲು ಈಗ ಕಂಪನಿಯವರು ಬೇರೆ ಜಾಗ ಮಾಡಿದ್ದಾರೆ ಅತ್ತೆ ಎಂದೆ. ಆಮೇಲೆ ರಾಜಣ್ಣನಿಂದ ಆ ಜಾಗ ಮಾಡಿಸಿದೆ. ಹಗ್ಗ ಉಳಿಸಿಕೊಂಡಿರುವುದು ಅದಕ್ಕೇ, ಲಾಕ್ ಹಾಕಿಸಿದರೆ ಅವರಿಂದ ತೆಗೆಯಲಾಗುವುದಿಲ್ಲ. ಈಗಲೂ ಬೆಳಿಗ್ಗೆ ಎದ್ದು ಹೊಯ್ಯುತ್ತಾರೆ, ಆದರೆ ವೈಪರಿನ ಬಾಟಲಿಗೆ.

ಆದ್ದರಿಂದ ಮೂಲೆಹೊಳೆ ಹತ್ತಿರ ಮಂಜು ಕವಿದು ನೀವು ವೈಪರಿನ ಗುಂಡಿ ಒತ್ತಿದಾಗ ಗಾಜಿನ ತುಂಬ ಹಳದಿ ನೀರು ಹರಿದರೆ ಗಾಬರಿಯಾಗಿ ಬ್ರೇಕ್ ಹಾಕಬೇಡಿ. ಅದು ನಿಮ್ಮವ್ವ. ನೀರು ಚಿಮ್ಮುವ ತೂತು ವಾರಕ್ಕೊಮ್ಮೆ ಕಟ್ಟಿಕೊಳ್ಳುತ್ತದೆ, ಚುಚ್ಚಿ ಬಿಡಿಸಲು ಸೂಜಿಯನ್ನು ನಿಮ್ಮ ಸೀಟಿನ ಹೊಲಿಗೆಯಲ್ಲೇ ಸಿಕ್ಕಿಸಿಟ್ಟಿದ್ದೇನೆ. ಕೂರುವಾಗ ನೋಡಿಕೊಂಡು ಕೂರಿ.