ಹಲ್ಲಿನ ಕೊಕ್ಕೆ ಮುರಿದವರು ಯಾರು

ಸೌಭಾಗ್ಯಕ್ಕಾ,

ಓರೆ ದವಡೆ ಕೊಯ್ದು ಸರಿಮಾಡುವಾಗ ನನ್ನ ಧೈರ್ಯ ನೋಡಿ ಡಾಕ್ಟರೇ ಮೂರ್ಛೆ ಹೋದರು. ಉಳಿದ ಹೊಲಿಗೆ ನಾನೇ ಹಾಕಿಕೊಂಡೆ. ಅಂಥವನಿಗೆ ನೀನು ಸೋಸದ ಅಂಬಲಿ ಕೊಡುತ್ತೀಯಾ? ಅದರೊಳಗಿನ ಗಂಟು ದೇವದುರ್ಗದ ಗುಡ್ಡದ ಬಂಡೆಯಷ್ಟಿತ್ತು! ಅದು ಬಡಿದೇ ಹಲ್ಲಿನ ತಂತಿಯ ಕೊಕ್ಕೆ ಮುರಿದು, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಬಿಗಿದಿದ್ದ ರಬ್ಬರ್ ಕಳಚಿದೆ. ಆಪರೇಷನ್ ಆಗಿ ಮೂರೇ ವಾರ. ದವಡೆ ಸರಿದಿದ್ದರೆ ಆ ಪಾಪ ನಿನಗೇ. ಒಂದೂವರೆ ವರ್ಷ ತಂತಿ ಕಟ್ಟಿಸಿಕೊಂಡು ಆಪರೇಷನ್‌ಗೆ ಕಾದದ್ದು ನಿನ್ನ ಸೋಮಾರಿತನಕ್ಕೆ ಬಲಿಯಾಗಲಿಕ್ಕೇ?

ಡಾಕ್ಟರಿಗೆ ತೋರಿಸಲು ರಾಯಚೂರಿನ ಬಸ್ಸಿಗೆ ಹೊರಟಿದ್ದೇನೆ. ಹೊಸ ಜರಡಿ ತಂದಿಡು. ಮಿಕ್ಸರ್ ತೊಳೆ. ನನ್ನನ್ನು ಮಾತಾಡಿಸಬೇಡ, ರಬ್ಬರ್ ಮತ್ತೆ ಬಿಗಿದ ಮೇಲೆ ಹೇಗೂ ನನ್ನ ಬಾಯಿ ತೆರೆಯುವುದಿಲ್ಲ.

ಅಯ್ಯೋ, ಅವ್ವ ಹಿಂದೆ ನಿಂತು ಇಷ್ಟನ್ನೂ ಓದಿಬಿಟ್ಟಳು. ನನ್ನ ಅಂಗಿಯ ಜೇಬಿನಿಂದ ಎಣ್ಣೆ ಹತ್ತಿದ ಕಾಗದ ಎಳೆದು, "ಲೇ ಅಂಬರೇಶ, ಇದರಾಗಿನ ಮಿರ್ಚಿ ಬಜಿ ಯಾರ ಹೊಟ್ಟ್ಯಾಗ ಹೋತು? ಅದನ್ನೂ ಬರಿ" ಅಂದಳು.

ನಾನೇ ತಿಂದೆ, ಅಕ್ಕಾ. ನಿನ್ನೆ ಸಿರವಾರದ ಬಸ್ ಸ್ಟ್ಯಾಂಡಿನಲ್ಲಿ ರಬ್ಬರ್ ಬಿಚ್ಚಿ ಕಚ್ಚಿದೆ; ಕೊಕ್ಕೆ ಕಟ್ ಎಂದಿತು. ಮತ್ತೆ ಕೊಯ್ಯುತ್ತಾರೇನೋ ಎಂದು ಭಯ. ಕುರ್ಡಿಯಲ್ಲಿ ನೀನು ಪಾಠ ಹೇಳುವ ಶಾಲೆ ಬಿಟ್ಟ ಕೂಡಲೇ ರಾಯಚೂರಿನ ಆಸ್ಪತ್ರೆಗೆ ಬಾ.