ನೀನು ಬರೆದಿಟ್ಟ ನೀರಿನ ಅಳತೆ

ಕುಸುಮಕ್ಕನಿಗೆ,

ನೀನು ಹೋಗಿ ಇವತ್ತಿಗೆ ನಲವತ್ತೊಂದು ದಿನ. ನೀನಿದ್ದಾಗ ಒಂದು ಕಾಗದವನ್ನೂ ಬರೆಯದವಳು ಈಗ ಬರೆಯಲು ಕೂತಿದ್ದೇನೆ.

ನಿನ್ನ ಕಿಡ್ನಿ ಎರಡೂ ಕೈಕೊಟ್ಟಾಗ ಡಾಕ್ಟರು ಎರಡು ದಾರಿ ಹೇಳಿದ್ದರು. ವಾರಕ್ಕೆ ಮೂರು ಸಲ ಘಾಟಿ ಇಳಿದು ಮಂಗಳೂರಿನಲ್ಲಿ ಯಂತ್ರಕ್ಕೆ ಮೈಯೊಡ್ಡುವುದು, ಇಲ್ಲವೇ ಹೊಟ್ಟೆಗೆ ನಳಿಗೆ ಹಾಕಿಸಿಕೊಂಡು ಮನೆಯಲ್ಲೇ ಸಕ್ಕರೆ ಬೆರೆತ ನೀರು ತುಂಬಿಸಿ ತೆಗೆಯುವುದು. ಕಳಸದ ಕಾಫಿ ತೋಟದ ಕೂಲಿ ಲೈನ್ ಮನೆಯಲ್ಲಿದ್ದ ನೀನು ಎರಡನೆಯದಕ್ಕೆ ಒಪ್ಪಿದೆ. "ಹೊಟ್ಟೆಗೆ ನೀರು ಹಾಕಿದ್ರೆ ಮೈಯಲ್ಲಿರೋ ನೀರು ಹೊರಗೆ ಹೆಂಗೆ ಬರುತ್ತೆ?" ಅಂತ ನೀನು ಕೇಳಿದಾಗ ನನಗೆ ಹೆಮ್ಮೆಯೇ ಆಗಿತ್ತು. ನೀನು ಕಾಫಿ ಕೊಯ್ದು ಓದಿಸಿದ ತಂಗಿ ಮೂಡಿಗೆರೆಯ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಇದೇ ಪಾಠ ಮಾಡುತ್ತಿದ್ದಳಲ್ಲ. ಮಾವಿನಕಾಯಿ ಹೋಳುಗಳಿಗೆ ಉಪ್ಪು ಹಾಕಿಟ್ಟರೆ ಹೋಳಿನ ನೀರು ಪೊರೆ ದಾಟಿ ಉಪ್ಪಿನ ಕಡೆ ಬರುತ್ತದೆ, ಹೊಟ್ಟೆಯೊಳಗೂ ಅಂಥ ಪೊರೆಯಿದೆ, ಸಕ್ಕರೆ ಇರುವ ಕಡೆಗೆ ನೀರು ಬರುತ್ತದೆ, ರಕ್ತದ ಕಸವೂ ಮೆಲ್ಲಗೆ ಹರಡಿಕೊಂಡು ಬರುತ್ತದೆ ಎಂದೆ ನಾನು. "ಹಾಗಾದ್ರೆ ನಾನೀಗ ಉಪ್ಪಿನಕಾಯಿ" ಅಂತ ನಕ್ಕಿದ್ದೆ ನೀನು.

ಎರಡು ಲೀಟರ್ ಹಾಕಿದರೆ ಎರಡೂಕಾಲು ಹೊರಬರಬೇಕು. ದಿನಕ್ಕೆ ನಾಲ್ಕು ಸಲ ನೀನು ಹೊರಬಂದ ನೀರಿನ ಚೀಲವನ್ನು ತಕ್ಕಡಿಗೆ ತೂಗುಹಾಕಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಸಂಜೆ ಫೋನಿನಲ್ಲಿ ನಾನು ಕೇಳುತ್ತಿದ್ದದ್ದು ಆ ಅಳತೆ ಮಾತ್ರ.

ಮೂರನೇ ವರ್ಷ, ಮಳೆ ಕಡಿಮೆಯಾಗುವ ಹೊತ್ತಿಗೆ ಒಂದು ಭಾನುವಾರ ನಾನು ಬಂದೆ. ನಿನ್ನ ಕಾಲು ಊದಿತ್ತು. ಕೇಳಿದರೆ, "ನಿಂತು ಅಡುಗೆ ಮಾಡಿದ್ದಕ್ಕೆ ಮಾರಾಯ್ತಿ" ಎಂದೆ ನೀನು. ನಾನು ಪುಸ್ತಕ ತೆರೆದೆ. ಎಲ್ಲ ಪುಟದಲ್ಲೂ ಎರಡೂಕಾಲು. ನಿನ್ನ ಕಾಲನ್ನು ಬೆರಳಿಂದ ಒತ್ತಿಯೂ ನೋಡದೆ ನಾಲ್ಕು ಗಂಟೆಯ ಬಸ್ಸು ಹತ್ತಿದೆ.

ಅದಾದ ಹನ್ನೆರಡನೇ ದಿನ ಪಕ್ಕದ ಮನೆಯ ಮುತ್ತಮ್ಮ ನಿನ್ನನ್ನು ಜೀಪಿನಲ್ಲಿ ಮಲಗಿಸಿಕೊಂಡು ಮಂಗಳೂರಿಗೆ ಹೊರಟಳು. ಎದೆಯಲ್ಲಿ ನೀರು ತುಂಬಿತ್ತಂತೆ. ಕುದುರೆಮುಖ ದಾಟುವ ಮೊದಲೇ ನಿನ್ನ ಉಸಿರು ನಿಂತಿತು.

ಆಮೇಲೆ ಮುತ್ತಮ್ಮ ಹೇಳಿದಳು: "ಎಷ್ಟೋ ತಿಂಗಳಿಂದ ಹಾಕಿದಷ್ಟೂ ನೀರು ಬರ್ತಿರ್ಲಿಲ್ಲ ಪವಿತ್ರಾ. ಸುಳ್ಳು ಬರೀತಿದ್ಲು. ಮಳೆ ನೆಪ ಹೇಳಿ ತಪಾಸಣೆಗೂ ಹೋಗ್ಲಿಲ್ಲ. ಗೊತ್ತಾದ್ರೆ ತಂಗಿ ಕೆಲ್ಸ ಬಿಟ್ಟು ನನ್ನ ಹಿಂದೆ ಅಲೀತಾಳೆ, ಹೇಳ್ಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ಲು."

ವರ್ಷಗಟ್ಟಲೆ ಸಕ್ಕರೆ ತಾಗಿ ಕೆಲವರ ಪೊರೆ ಕೆಡುತ್ತದಂತೆ. ಸಕ್ಕರೆ ಬೇಗ ರಕ್ತಕ್ಕೆ ಸೇರಿಬಿಡುತ್ತದೆ, ನೀರನ್ನು ಎಳೆಯಲು ಏನೂ ಉಳಿಯುವುದಿಲ್ಲ. "ಆಗಲೇ ಬಂದಿದ್ದರೆ ಯಂತ್ರಕ್ಕೆ ಬದಲಾಯಿಸಬಹುದಿತ್ತು" ಎಂದರು ಡಾಕ್ಟರು.

ಅಕ್ಕ, ನಾನು ನಿಜಕ್ಕೂ ಕೆಲಸ ಬಿಡುತ್ತಿದ್ದೆನೇ? ಗೊತ್ತಿಲ್ಲ. ಆ ಭಾನುವಾರ ನಿನ್ನ ಕಾಲು ಕಂಡು ನನಗೆ ಹೆದರಿಕೆಯಾಗಿತ್ತು. ಪುಸ್ತಕದಲ್ಲಿ ಎಲ್ಲ ಸರಿಯಿದ್ದದ್ದು ನೋಡಿ, ಸದ್ಯ, ರಜೆ ಹಾಕಬೇಕಾಗಿಲ್ಲ ಎಂದುಕೊಂಡಿದ್ದೆ. ಇದನ್ನು ಮುತ್ತಮ್ಮನಿಗೂ ಹೇಳಿಲ್ಲ.

ನೀನಿರುವಲ್ಲಿ ನಿನ್ನ ಉಸಿರು ಹಗುರವಾಗಿರಲಿ.

ನಿನ್ನ ತಂಗಿ,
ಪವಿತ್ರಾ