ನಗ್ರಿ ವೈನಿ, ನಾ ಹಿಡೀತೀನಿ

॥ ಶ್ರೀ ॥

ಶಹಾಬಾದ
೧೬ ಅಕ್ಟೋಬರ್ ೨೦೦೮

ನಾದಿನಿ ವೃಂದಾಗೆ ವಾರಿಜಾ ವೈನಿಯ ಆಶೀರ್ವಾದಗಳು.

ನಾನೂ ಮಗಳು ಪ್ರಮಿತಾಳೂ ಇಲ್ಲಿ ಚೆನ್ನಾಗಿದ್ದೇವೆ. ತಾಯಿಯ ಆರೈಕೆಗೆಂದು ನೀನು ಬಂದಿರುವ ಸೇಡಂನ ತವರಿನಲ್ಲಿ ನೀವು ಚೆನ್ನಾಗಿಲ್ಲ ಎಂದು ನಿನ್ನ ಕಾಗದದಿಂದ ತಿಳಿಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಶಾಲೆಯಲ್ಲಿ ಪರೀಕ್ಷೆ ಇತ್ತು ಎಂದು ಬರೆಯಬಹುದು, ಇತ್ತು ಕೂಡ. ಆದರೆ ನಿಜ ಏನೆಂದರೆ, ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿ ಸುಖಪಡುತ್ತಿದ್ದೆ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು ಅಳುತ್ತೀ, ನನ್ನ ಸಿಟ್ಟು ಇಳಿದುಹೋಗುತ್ತದೆ. ಇಷ್ಟು ವರ್ಷ ಉಣಿಸಿ ಸಾಕಿದ ಸಿಟ್ಟು, ಅಷ್ಟು ಅಗ್ಗಕ್ಕೆ ಬಿಡಲಾರೆ.

ನಿನ್ನ ತಾಯಿಗೆ ಕೈ ನಡುಗುವ ರೋಗ ಬಂದಿದೆ, ಜಪಮಣಿ ಹಿಡಿದು ಕೂತಲ್ಲೇ ನಿದ್ದೆ ಹೋಗುತ್ತಾರೆ, ಉಣ್ಣುತ್ತ ಎಲೆಯ ಮೇಲೇ ತೂಕಡಿಸಿ ಬೀಳುತ್ತಾರೆ ಎಂದು ಬರೆದಿದ್ದೀ. ನಿನ್ನ ಅಣ್ಣ ಗುರುರಾಜರ ಈಗಿನ ಹೆಂಡತಿ, "ಮುದುಕಿ ಸೋಗು ಹಾಕಾಕತ್ತದ, ಕುಂಭಕರ್ಣನ ಅಕ್ಕ ಇದು" ಅನ್ನುತ್ತಾಳಂತೆ. ಅದನ್ನು ಓದಿದಾಗ ನನಗೆ ಎಷ್ಟು ಖುಷಿಯಾಯಿತೆಂದರೆ ಮೊಣಕಾಲು ಸಡಿಲಾಗಿ ಗೋಡೆ ಹಿಡಿದುಕೊಳ್ಳಬೇಕಾಯಿತು. ಮಾಡಿದ್ದುಣ್ಣೋ ಮಹಾರಾಯ. ಆ ಮನೆಯ ಮೊದಲ ಸೊಸೆಯಾದ ನನಗೆ ಅತ್ತೆಯವರು ಇಟ್ಟ ಹೆಸರು ಇದೇ ಅಲ್ಲವೇ? ಹೆಸರು ಕೊಟ್ಟವರ ಮನೆಗೇ ವಾಪಸು ಬಂದಿದೆ.

ನೆನಪಿಸಬೇಕೇ? ಅಕ್ಕಿ ಆರಿಸುತ್ತ ನಾನು ನಿದ್ದೆ ಹೋದರೆ, ಮೆಣಸಿನಪುಡಿಯ ಬೆರಳನ್ನು ನನ್ನ ಕಣ್ಣಿಗೆ ಸವರುತ್ತಿದ್ದರು. ಏಕಾದಶಿಯ ದಿನ ಹಸಿದ ಹೊಟ್ಟೆಯಲ್ಲಿ ಎಲ್ಲರೂ ಕಣ್ಣರಳಿಸಿ ಭಜನೆ ಮಾಡುವಾಗ ನಾನೊಬ್ಬಳು ಕಂಬಕ್ಕೆ ಒರಗಿ ಮಲಗಿರುತ್ತಿದ್ದೆ. "ಉಪಾಸ ಇದ್ದಾಗೂ ನಿದ್ದಿ ಬರ್ತದಂದ್ರ ಕದ್ದು ತಿಂದಿರಬೇಕು" ಎಂದು ನೆರೆಯವರೆದುರು ನನ್ನ ಬಾಯಿ ಮೂಸಿ ನೋಡಿದ್ದರು. ದೇವರು ನಾಲ್ಕು ತಿಂಗಳು ಮಲಗಬಹುದು, ಉತ್ಥಾನ ದ್ವಾದಶಿಗೆ ಊರೆಲ್ಲ ಸೇರಿ ಅವನನ್ನು ಮುದ್ದಿನಿಂದ ಎಬ್ಬಿಸಬಹುದು. ಸೊಸೆ ನಾಲ್ಕು ನಿಮಿಷ ಮಲಗುವಂತಿರಲಿಲ್ಲ.

ಆ ಮನೆಯಲ್ಲಿ ನನಗಿದ್ದವಳು ನೀನೊಬ್ಬಳೇ. ನಾದಿನಿ ಎನ್ನುವುದಕ್ಕಿಂತ ಗೆಳತಿ ಎನ್ನಬೇಕು. ನಾನು ಜೋರಾಗಿ ನಕ್ಕರೆ ಮೈಯ ಕಸುವೆಲ್ಲ ಸೋರಿಹೋಗಿ ಕುಸಿದುಬಿಡುತ್ತೇನೆ ಎನ್ನುವುದನ್ನು ಮೊದಲು ಕಂಡವಳು ನೀನು, ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ. ಆಮೇಲೆ ಅದು ನಮ್ಮಿಬ್ಬರ ಆಟವಾಯಿತು. ನೀನು ಏನಾದರೊಂದು ಕೊಂಕು ಹೇಳಿ, ಎರಡೂ ಕೈ ಚಾಚಿ ನಿಲ್ಲುತ್ತಿದ್ದೆ. "ನಗ್ರಿ ವೈನಿ, ನಾ ಹಿಡೀತೀನಿ." ನಾನು ನಗುತ್ತಿದ್ದೆ, ಬೀಳುತ್ತಿದ್ದೆ, ನೀನು ಹಿಡಿಯುತ್ತಿದ್ದೆ. ಒಮ್ಮೆಯೂ ತಪ್ಪಿರಲಿಲ್ಲ.

ಆ ಮನೆಯಲ್ಲಿ ನನ್ನ ಕೊನೆಯ ಉತ್ಥಾನ ದ್ವಾದಶಿಯ ಪಂಕ್ತಿ. ನಾನು ಮಡಿಯುಟ್ಟು ಪಾಯಸ ಬಡಿಸುತ್ತಿದ್ದೆ. ವಿಠ್ಠಲಾಚಾರ್ಯರು ಬಗ್ಗಿ ಉಣ್ಣುತ್ತಿದ್ದರು. ನೀನು ನನ್ನ ಕಿವಿಯ ಹತ್ತಿರ ಬಂದು ಹೇಳಿದೆ: "ವೈನಿ, ಅಲ್ಲಿ ನೋಡ್ರಿ, ಆಚಾರ್ರ ಜುಟ್ಟು ಪಾಯಸದಾಗ ಈಜಾಕತ್ತದ."

ಪಾತ್ರೆಯ ಸಮೇತ ಪಂಕ್ತಿಯ ನಡುವೆ ಬಿದ್ದೆ. ಎಲೆಗಳ ಮೇಲೆ, ಉಣ್ಣುವವರ ತೊಡೆಯ ಮೇಲೆ ಪಾಯಸ. ಎಲ್ಲರೂ ನನಗೆ ಎಚ್ಚರ ತಪ್ಪಿದೆ ಎಂದುಕೊಂಡರು. ಇಲ್ಲ ವೃಂದಾ, ಪೂರ್ತಿ ಎಚ್ಚರವಿದ್ದೆ. ಬೆರಳು ಅಲುಗುತ್ತಿರಲಿಲ್ಲ, ನಾಲಿಗೆ ಹೊರಳುತ್ತಿರಲಿಲ್ಲ, ಕಿವಿ ಮಾತ್ರ ಎಲ್ಲವನ್ನೂ ಕೇಳುತ್ತಿತ್ತು. ಒಬ್ಬರು ಮೂರ್ಛೆರೋಗ ಅಂದರು, ಇನ್ನೊಬ್ಬರು ಗಾಳಿ ಅಂದರು. ಅತ್ತೆಯವರು, "ಪಂಕ್ತಿ ಎಲ್ಲಾ ಕೆಡಿಸಿದ್ಳು. ಇಂಥಾಕಿ ನಮ್ಮ ಮನ್ಯಾಗ ಬ್ಯಾಡ, ನಾಳಿ ಗಾಡಿಗೇ ತವರಿಗಿ ಕಳಸು" ಎಂದು ಮಗನಿಗೆ ಹೇಳಿದರು. ಪ್ರಮಿತಾ ಆಗ ನನ್ನ ಹೊಟ್ಟೆಯಲ್ಲಿದ್ದಳು, ನಿಮಗೆಲ್ಲ ಗೊತ್ತಿತ್ತು. ಆಮೇಲೆ ಕರೆಯಲು ಯಾರೂ ಬರಲಿಲ್ಲ. ಬಂದದ್ದು ಕೋರ್ಟಿನ ನೋಟೀಸು.

ನಿಮ್ಮ ನಿದ್ದೆಗೆ ಯಾವ ಡಾಕ್ಟರಿಗೆ ತೋರಿಸಿದಿರಿ ಎಂದು ನೀನು ಕೇಳಿದ್ದಕ್ಕೆ ಈಗ ಬರುತ್ತೇನೆ. ನನ್ನ ಜೊತೆ ಕಲಿಸುವ ತಾಜುನ್ನಿಸಾ ಹಟ ಹಿಡಿದು ನನ್ನನ್ನು ಹೈದರಾಬಾದಿಗೆ ಕರೆದೊಯ್ದಳು. ಅಲ್ಲಿಯ ನರರೋಗದ ಡಾಕ್ಟರು ನನ್ನ ಕಥೆ ಕೇಳಿ, "ನಕ್ಕರೆ ಬೀಳುತ್ತೀರಾ?" ಎಂದು ತಾವೇ ಕೇಳಿದರು. ಅಲ್ಲಿಯವರೆಗೆ ಯಾರೂ ಅದನ್ನು ರೋಗವೆಂದು ಕೇಳಿರಲಿಲ್ಲ. ಮಿದುಳಿನ ಒಳಗೆ ಸಣ್ಣದೊಂದು ಜಾಗದಲ್ಲಿ ಒರೆಕ್ಸಿನ್ ಎಂಬ ರಸ ಹುಟ್ಟುತ್ತದಂತೆ. ಹಗಲೆಲ್ಲ ನಮ್ಮನ್ನು ಎಚ್ಚರದಲ್ಲಿ ಹಿಡಿದು ನಿಲ್ಲಿಸುವುದು ಅದೇ. ಹೊಟ್ಟೆ ಹಸಿದಾಗ ಅದು ಇನ್ನಷ್ಟು ಚುರುಕಾಗುತ್ತದಂತೆ. ಏಕಾದಶಿಯ ದಿನ ನಿಮಗೆಲ್ಲ ನಿದ್ದೆ ಬಾರದಿದ್ದುದಕ್ಕೆ ಭಕ್ತಿಯ ಜೊತೆಗೆ ಅದೂ ಇತ್ತು. ನನ್ನ ತಲೆಯಲ್ಲಿ ಆ ರಸ ಮಾಡುವ ಜೀವಕೋಶಗಳೇ ಸತ್ತುಹೋಗಿವೆ. ಕನಸು ಕಾಣುವಾಗ ಮೈ ಸಡಿಲಾಗುತ್ತದಲ್ಲ, ನನಗೆ ಅದು ಎಚ್ಚರದಲ್ಲೇ ಆಗುತ್ತದೆ, ನಗು ಬಂದಾಗ, ಸಂತೋಷವಾದಾಗ. ಆ ರಸವನ್ನು ತಿರುಗಿ ತುಂಬುವ ಔಷಧ ಇಲ್ಲ. ಎಚ್ಚರವಾಗಿಡುವ ಗುಳಿಗೆ ಇದೆ, ಮಧ್ಯಾಹ್ನ ತುಸು ಹೊತ್ತು ಮಲಗುವ ಕಟ್ಟಳೆ ಇದೆ. ಮುಖ್ಯೋಪಾಧ್ಯಾಯಿನಿ ಹಸೀನಾಬೇಗಂ ತಮ್ಮ ಕೋಣೆಯಲ್ಲೇ ನನಗೆ ಚಾಪೆ ಹಾಸಿಕೊಟ್ಟಿದ್ದಾರೆ.

ಅತ್ತೆಯವರ ವಿಷಯವನ್ನೂ ಅದೇ ಡಾಕ್ಟರನ್ನು ಕೇಳಿದೆ. ಕೈ ನಡುಗುವ ರೋಗದಲ್ಲೂ ಇದೇ ಜೀವಕೋಶಗಳು ಕಡಿಮೆಯಾಗುತ್ತವೆ ಎಂದು ಈಚೆಗೆ ಕಂಡುಕೊಂಡಿದ್ದಾರಂತೆ. ಅವರ ನಿದ್ದೆಗೆ ಅದೇ ಕಾರಣವೋ ಬೇರೆಯೋ, ನೋಡದೆ ಹೇಳಲಾಗದು, ಕರೆತನ್ನಿ ಎಂದರು. ವಿಳಾಸದ ಚೀಟಿ ಇದರೊಳಗೇ ಇಟ್ಟಿದ್ದೇನೆ. ಕೂಡಲೇ ಕರೆದುಕೊಂಡು ಹೋಗು. ರೋಗಿಗೆ ಔಷಧ ತಪ್ಪಿಸುವಷ್ಟು ನಾನು ನಿಮ್ಮ ಮನೆಯವಳಾಗಲಿಲ್ಲ. ಆದರೆ ಕಣ್ಣಿಗೆ ಖಾರ ಹಚ್ಚಬೇಡವೆಂದು ಈಗಿನ ಸೊಸೆಗೆ ನಾನು ಹೇಳಿ ಕಳಿಸುವುದಿಲ್ಲ. ಬೇಕಾದರೆ ನೀನು ಹೇಳು.

"ಅಮ್ಮ ನಿಮ್ಮ ಹೆಸರ ತಗೀತಾಳ, ಒಮ್ಮಿ ಬಂದು ಹೋಗ್ರಿ ವೈನಿ" ಎಂದೂ ಬರೆದಿದ್ದೀ. ಬರುತ್ತೇನೆ. ಈ ಸಲದ ಉತ್ಥಾನ ದ್ವಾದಶಿಯ ಪಂಕ್ತಿಗೆ ಬರುತ್ತೇನೆ. ಅಂದು ಪಂಕ್ತಿಯಲ್ಲಿದ್ದವರಲ್ಲಿ ಮುಕ್ಕಾಲು ಮಂದಿ ಇನ್ನೂ ಬದುಕಿದ್ದಾರೆ, ವಿಠ್ಠಲಾಚಾರ್ಯರೂ ಇದ್ದಾರೆ. ಅವರೆಲ್ಲರ ಎದುರು ನೀನು ಎದ್ದು ನಿಂತು ಹೇಳಬೇಕು: ವೈನಿಗೆ ರೋಗ ಇತ್ತು, ನಕ್ಕರೆ ಬೀಳುತ್ತಾರೆಂದು ನನಗೆ ಗೊತ್ತಿತ್ತು, ನಗಿಸಿದವಳು ನಾನು. ಯಾಕೆಂದರೆ ಅಂದು ನಾನು ಬಿದ್ದಿದ್ದಾಗ ಗುರುರಾಜರು ನಿನ್ನನ್ನು, "ನೀ ಬಾಜೂಕ ಇದ್ದಿ, ಏನಾತ ಆಕೀಗಿ?" ಎಂದು ಕೇಳಿದರು. "ನನಗೇನ ಗೊತ್ತಿಲ್ಲ ಅಣ್ಣ" ಎಂದೆ ನೀನು. ಅದೂ ನನ್ನ ಕಿವಿಗೆ ಬಿತ್ತು.

ನೀನು ಹೇಳದಿದ್ದರೆ ನಾನೇ ಹೊಸ್ತಿಲಲ್ಲಿ ನಿಂತು ಹೇಳುತ್ತೇನೆ. ಮಡಿ ಮುರಿಯಿತು, ಪಂಕ್ತಿ ಕೆಟ್ಟಿತು ಎಂದು ಯಾರು ಕೂಗಾಡಿದರೂ ಸರಿ. ಹೇಳುವಾಗ ನಿಮ್ಮ ಮುಖ ನೋಡಿ ಖುಷಿಯಾಗಿ ಬಿದ್ದರೂ ಬೀಳಬಹುದು. ತಾಜುನ್ನಿಸಾ ಪಕ್ಕದಲ್ಲಿರುತ್ತಾಳೆ, ಹಿಡಿಯಲಿಕ್ಕೆ. ಇದು ಸೇಡು ಎನ್ನುವುದಾದರೆ ಹೌದು, ಸೇಡೇ.

ಚಿಂಚೋಳಿಯಲ್ಲಿ ನಿನ್ನ ಯಜಮಾನರಿಗೆ ನಮಸ್ಕಾರ. ಮಕ್ಕಳಿಗೆ ನನ್ನ ಆಶೀರ್ವಾದ. ಅವರು ನಿಂತಲ್ಲೇ ಹೊಟ್ಟೆ ತುಂಬ ನಗುವಂತಾಗಲಿ.

ಇಂತಿ,
ವಾರಿಜಾ

ತಾ.ಕ.: ಲಕೋಟೆಯ ಮೇಲಿನ ಅಕ್ಷರ ಪ್ರಮಿತಾಳದು. ಶಾಲೆಯಿಂದ ಏನಾದರೂ ತಮಾಷೆ ಹೊತ್ತು ಬಂದರೆ ಅವಳು ಬಾಗಿಲಲ್ಲೇ ನಿಂತು, "ಅಮ್ಮಾ, ಮೊದಲ ಕುಂದ್ರು, ಆಮ್ಯಾಲ ಹೇಳ್ತೀನಿ" ಅನ್ನುತ್ತಾಳೆ. ಮಾತು ಕಲಿತಾಗಿನಿಂದ ಹೀಗೇ. ವಿಳಾಸ ಬರೆಯುತ್ತ, "ಈ ವೃಂದಾ ಅಂದ್ರ ಯಾರು?" ಎಂದಳು. ನನ್ನನ್ನು ಎಲ್ಲರಿಗಿಂತ ಹೆಚ್ಚು ನಗಿಸಿದವಳು ಎಂದೆ. ಪಂಕ್ತಿಯ ಕಥೆಯನ್ನು ನಿನ್ನ ಹೆಸರು ಹೇಳದೆ ಅವಳಿಗೆ ಹೇಳಿದ್ದೆ. ವಿಳಾಸ ಮುಗಿಸಿ ಕೇಳಿದಳು: "ಬಾಜೂಕ ಇದ್ಳು ಅಂತೀ. ಮತ್ತ ಯಾಕ ಹಿಡೀಲಿಲ್ಲ? ಕೈಯಾಗ ಏನರ ಇತ್ತೇನು?" ತುಪ್ಪದ ಗಿಂಡಿ ಇತ್ತು ಎಂದು ಮಗಳಿಗೆ ಸುಳ್ಳು ಹೇಳಿದೆ. ನೀನೂ ಮಡಿಯಲ್ಲೇ ಇದ್ದೆ ವೃಂದಾ, ನನ್ನನ್ನು ಮುಟ್ಟಬಹುದಿತ್ತು. ನಿನ್ನ ಎರಡೂ ಕೈ ಖಾಲಿ ಇದ್ದವು.